ಮೇ ತಿಂಗಳ ಹದಿನೆಂಟು ಟನ್

ಮೇ ಕೊನೆಯ ವಾರದ ಮಂಗಳವಾರ. ನಂದಗಡದ ಸಿದ್ದಪ್ಪನ ಜಾಗದಲ್ಲಿ ಎಂಜಿನಿಯರ್ ಸುಹಾಸಿನಿ ಅಡಿಪಾಯದ ಹನ್ನೆರಡನೆಯ ಗುಂಡಿಯಿಂದ ಮೇಲೆ ಹತ್ತಿ ಬಂದು ಟೇಪು ಸುತ್ತಿದಳು. ಗುಂಡಿಗಳ ತಳದಲ್ಲಿ ಕಬ್ಬಿಣವನ್ನು ನಕ್ಷೆಯಲ್ಲಿದ್ದಂತೆಯೇ ಕಟ್ಟಲಾಗಿತ್ತು. ಮರುದಿನ ಬೆಳಿಗ್ಗೆ ಪೂಜೆ, ಅದಾದ ಮೇಲೆ ಕಾಂಕ್ರೀಟು. ಕೆಳಗೆ ಎರಡು ಅಂಗಡಿ, ಮೇಲೆ ಎರಡು ಅಂತಸ್ತಿನ ಮನೆ.

ಕೈ ತೊಳೆಯಲು ಆಕೆ ಹಿಂದಿನ ಬೇಲಿ ದಾಟಿ ನೆರೆಮನೆಯ ಸಂಗವ್ವನ ಬಾವಿಗೆ ಹೋದಳು. ಮುದುಕಿ ಹಗ್ಗ ಎಳೆಯುತ್ತಲೇ ಇದ್ದಳು, ಕೊಡ ಮೇಲೆ ಬರುತ್ತಲೇ ಇರಲಿಲ್ಲ.

"ಭಾಳ ಆಳ ಐತೇನ್ರಿ?"

"ಈಗಷ್ಟ ಆಳ ಯವ್ವಾ. ಇಪ್ಪತ್ತೈದು ಫೂಟ್ ಹಗ್ಗ ಬೇಕು. ಶ್ರಾವಣದಾಗ ಬಾ, ಹಗ್ಗಾ ಗೂಟಕ್ಕ ಹಾಕಿ ಬಿಡ್ತೀನಿ. ಬಗ್ಗಿ ತಂಬಗಿಲೇ ತುಂಬಿಕೋತೀನಿ."

ಕೊನೆಗೂ ಮೇಲೆ ಬಂದ ಕೊಡದಿಂದ ಸುಹಾಸಿನಿಯ ಕೈಗೆ ಬಿದ್ದ ನೀರು ಹಾಗೆಯೇ ಜಾರಿಹೋಯಿತು. ಆಕೆ ಬಾವಿಕಟ್ಟೆಯ ಒಳಮೈ ನೋಡಿದಳು. ನೆಲಮಟ್ಟಕ್ಕಿಂತ ಎರಡು ಅಡಿ ಕೆಳಗೆ ಕಲ್ಲಿನ ಮೇಲೆ ಪಾಚಿಯ ಒಣ ಗೆರೆ ಇತ್ತು. ಸಿದ್ದಪ್ಪನ ಗುಂಡಿಗಳ ಆಳ ಐದು ಅಡಿ.

ಬೆಳಗಾವಿಯ ಮಹಾಂತೇಶ ನಗರದ ಮನೆಯ ಮುಂದಿನ ಕೋಣೆಯಲ್ಲಿ ಕುಳಿತು ಆಕೆ ಕಟ್ಟಡಗಳ ಭಾರ ಲೆಕ್ಕ ಹಾಕತೊಡಗಿ ಹದಿನಾರು ವರ್ಷಗಳಾಗಿವೆ. ಖಾನಾಪುರ ತಾಲೂಕಿನ ಕೆಲಸವೆಂದರೆ ಮೊದಲು ಜಾಗಕ್ಕೆ ಹೋಗಿ ಪಕ್ಕದ ಮನೆಯ ಹೆಂಗಸರನ್ನು ಬಾವಿಯ ನೀರಿನ ಮಟ್ಟ ಕೇಳುವುದು ಆಕೆಯ ಪದ್ಧತಿ. ಬೆಳಗಾವಿಗಿಂತ ಇಲ್ಲಿ ಮಳೆ ಬಹಳ. ಈ ಸಲ ಏಪ್ರಿಲ್ ಕೊನೆಯಲ್ಲಿ ಅತ್ತೆಯ ಮೊಣಕಾಲಿನ ಆಪರೇಷನ್ ಆಗಿತ್ತು. ಮನೆ ಬಿಟ್ಟು ಬರಲಾಗದೆ, ಮಣ್ಣಿನ ಪರೀಕ್ಷೆಯ ವರದಿಯೊಂದನ್ನೇ ನಂಬಿ ನಕ್ಷೆ ಮುಗಿಸಿದ್ದಳು.

"ಏನ್ ನೋಡಾಕತ್ತೀರಿ ಮ್ಯಾಡಮ್ಮಾರ?" ಮೇಸ್ತ್ರಿ ಕಲ್ಮೇಶ ಬೇಲಿಯಾಚೆಯಿಂದ ಕೂಗಿದ. "ನೆಲದ ಬಗ್ಗೆ ಹೆದರಬ್ಯಾಡ್ರಿ. ತೆಗ್ಗು ತಗದು ಅದ ಮಣ್ಣು ತಿರುಗಿ ತುಂಬೇನಿ. ಎರಡು ಬುಟ್ಟಿ ಮಿಕ್ಕೇತಿ. ಗಟ್ಟಿ ನೆಲಾರಿ ಇದು."

ತೆಗೆದ ಮಣ್ಣು ಗುಂಡಿ ತುಂಬಿ ಮಿಕ್ಕರೆ ನೆಲ ಗಟ್ಟಿ ಎನ್ನುವುದು ಕಲ್ಮೇಶನ ಅಜ್ಜನ ಕಾಲದ ಪರೀಕ್ಷೆ. ಮಣ್ಣಿನ ಪರೀಕ್ಷೆಯವರಂತೆ ಅವನೂ ಅದನ್ನು ಒಣ ಬೇಸಿಗೆಯಲ್ಲೇ ಮಾಡಿದ್ದ. ಸುಹಾಸಿನಿ ಕಾರು ಹತ್ತಿದಳು.

ಖಾನಾಪುರ ಬಂದಾಗ ರಸ್ತೆಬದಿಯ ಮರದ ಕೆಳಗೆ ನಿಲ್ಲಿಸಿ ಮೊಬೈಲಿನಲ್ಲಿ ವರದಿ ತೆರೆದಳು. ಕೊನೆಯ ಪುಟದ ಕೋಷ್ಟಕದಲ್ಲಿ ದಪ್ಪ ಅಕ್ಷರಗಳಲ್ಲಿತ್ತು: ಒಂದು ಚದರ ಮೀಟರಿಗೆ ಹದಿನೆಂಟು ಟನ್. ಆಕೆ ಎತ್ತಿಕೊಂಡದ್ದು ಅದನ್ನೇ. ನಡುವಿನ ಒಂದು ಕಂಬದ ಮೇಲೆ ನಲವತ್ತೈದು ಟನ್ ಭಾರ; ಹದಿನೆಂಟರಿಂದ ಭಾಗಿಸಿದರೆ ಎರಡೂವರೆ ಚದರ ಮೀಟರ್ ತಳ, ಅಂದರೆ ಐದೂಕಾಲು ಅಡಿ ಉದ್ದಗಲ. ಲೆಕ್ಕದಲ್ಲಿ ತಪ್ಪಿರಲಿಲ್ಲ.

ಆದರೆ ಆ ಹದಿನೆಂಟು ಕೇವಲ ಮಣ್ಣಿನ ಗುಣವಲ್ಲ. ಯಾವ ಆಳದಲ್ಲಿ, ಎಷ್ಟು ಅಗಲದ ತಳಕ್ಕೆ, ಎಷ್ಟು ಕುಸಿತವನ್ನು ಒಪ್ಪಿಕೊಂಡು, ನೀರು ಎಲ್ಲಿದ್ದಾಗ ಎಂಬುದೆಲ್ಲ ಸೇರಿ ಆದ ಅಂಕಿ ಅದು. ಆಕೆ ಪುಟಗಳನ್ನು ಹಿಂದಕ್ಕೆ ಸರಿಸಿದಳು. ಮಣ್ಣು ತೆಗೆಯಲು ಕೊಳವೆ ಇಳಿಸಿದ್ದು ಮೇ ಎರಡನೆಯ ತಾರೀಕು. ಆರು ಮೀಟರ್‌ವರೆಗೂ ನೀರು ಸಿಕ್ಕಿಲ್ಲ. ಒಂಬತ್ತನೆಯ ಪುಟದ ಅಡಿಯಲ್ಲಿ ಸಣ್ಣಕ್ಷರದ ಒಂದು ಸಾಲು: ಅಂತರ್ಜಲ ಅಡಿಪಾಯದ ತಳಕ್ಕೆ ಏರುವ ಸಂಭವವಿದ್ದರೆ ಈ ಅಂಕಿಯ ಅರ್ಧವನ್ನು ಮಾತ್ರ ಹಿಡಿಯಬೇಕು.

ಪರೀಕ್ಷೆ ಮಾಡಿದ ಪರಾಗನಿಗೆ ಫೋನ್ ಹಚ್ಚಿದಳು.

"ಒಂಬತ್ತನೇ ಪೇಜಿನ್ಯಾಗ ಬರದೇವಲ್ಲ ಅಕ್ಕಾರ," ಎಂದ ಅವನು. "ನೀವು ಯಾವಾಗೂ ಬಾವಿ ಕೇಳ್ತೀರಿ, ಅದಕ್ಕ ನಾ ಬ್ಯಾರೆ ಹೇಳಲಿಲ್ಲ."

ಆಕೆ ಲೆಕ್ಕ ತಿರುಗಿ ಹಾಕಿದಳು. ಒಂಬತ್ತು ಟನ್. ತಳ ಐದು ಚದರ ಮೀಟರ್ ಆಗಬೇಕು, ಅಂದರೆ ಏಳೂವರೆ ಅಡಿ ಉದ್ದಗಲ. ಕಟ್ಟಡ ಉರುಳಿ ಬೀಳುವುದಿಲ್ಲ, ಅದು ಆಕೆಗೆ ಗೊತ್ತು. ಬಾವಿ ಕಡೆಯ ಸಾಲು ತಗ್ಗಿನಲ್ಲಿದೆ, ಅಲ್ಲಿ ಮೊದಲು ನೀರೇರಿ ಮಣ್ಣು ಮೆತ್ತಗಾಗುತ್ತದೆ. ಮುಂದಿನ ಸಾಲು ನಿಂತಲ್ಲೇ ನಿಂತು ಹಿಂದಿನದು ಬೆರಳಷ್ಟು, ಎರಡು ಬೆರಳಷ್ಟು ಇಳಿಯುತ್ತದೆ. ಎರಡನೆಯದೋ ಮೂರನೆಯದೋ ಮಳೆಗಾಲಕ್ಕೆ ಕಿಟಕಿಯ ಮೂಲೆಯಿಂದ ಓರೆಯಾಗಿ ಗೋಡೆ ಬಿರಿಯುತ್ತದೆ. ಆಗ ಊರಿನವರು ವರದಿ ಓದುವುದಿಲ್ಲ, ಕಲ್ಮೇಶ ಸಿಮೆಂಟು ಕಡಿಮೆ ಹಾಕಿದ ಎನ್ನುತ್ತಾರೆ.

ತಡ ಮಾಡಿದರೂ ಅಪಾಯವೇ. ಹತ್ತು ಹನ್ನೆರಡು ದಿನಗಳಲ್ಲಿ ಮಳೆ ಹಿಡಿದರೆ ತೆರೆದ ಗುಂಡಿಗಳು ಕೆರೆಯಾಗುತ್ತವೆ. ಬೆಳಗಾವಿಯ ದಾರಿಗೆ ಮುಖ ಮಾಡಿದ್ದ ಗಾಡಿಯನ್ನು ಆಕೆ ತಿರುಗಿಸಿದಳು. ಮತ್ತೆ ನಂದಗಡಕ್ಕೇ ಹೊರಟಳು.

ಸಿದ್ದಪ್ಪ ಗುಂಡಿಗಳ ಪಕ್ಕ ಶಾಮಿಯಾನದ ಕಂಬ ನಿಲ್ಲಿಸುತ್ತಿದ್ದ. ಆಕೆಯ ಮಾತು ಮುಗಿಯುವವರೆಗೂ ಕೈಯಲ್ಲಿದ್ದ ಹಗ್ಗ ಬಿಡಲಿಲ್ಲ.

"ನಾಳೆ ಮಠದ ಅಯ್ಯನೋರು ಬರ್ತಾರ. ನಮ್ಮ ಮನ್ಯಾಕಿ ಹೋಳಿಗಿಗೆ ಬ್ಯಾಳಿ ಕುದಿಸ್ಯಾಳ. ನೀವ ಹದಿನೆಂಟು ಅಂದ್ರಿ, ಈಗ ನೀವ ಒಂಬತ್ತು ಅಂತೀರಿ. ನನ್ನ ಮನಿಗೆ ಎಂಜಿನೀಯರ್ ಯಾರ್ರಿ, ನೀವೋ, ಸಂಗವ್ವೋ?"

"ಈ ಸಲ ಸಂಗವ್ವನ ಅನ್ರಿ," ಎಂದಳು ಸುಹಾಸಿನಿ. "ವರದಿ ಪೂರ್ತಿ ಓದದೆ ನಕ್ಷೆ ಮಾಡಿದಾಕಿ ನಾನು. ಕಲ್ಮೇಶಂದೂ ತಪ್ಪಿಲ್ಲ, ಪರಾಗಂದೂ ಇಲ್ಲ."

ಕಲ್ಮೇಶ ತಲೆ ಕೆರೆದುಕೊಂಡು ಗುಂಡಿಯೊಳಗೆ ಇಣುಕಿದ. "ಗುದ್ದಲಿ ಹಾಕಿದ್ರ ಠಣ್ ಅಂತೈತಲ್ರಿ ಇದು!"

"ಒಂದು ಹೆಂಟಿ ಮಣ್ಣು ನೀರಿನ ಬಕೀಟಿನ್ಯಾಗ ಹಾಕು," ಎಂದಳು ಸುಹಾಸಿನಿ.

ಹಾಕಿದ. ಕಲ್ಲಿನಂತಿದ್ದ ಹೆಂಟೆ ನೀರಿನಲ್ಲಿ ಗುಳ್ಳೆ ಬಿಟ್ಟು, ಐದು ನಿಮಿಷಕ್ಕೆ ಕಲಸಿದ ಅಂಬಲಿಯಂತಾಯಿತು. ಸಿದ್ದಪ್ಪ ಬಕೀಟನ್ನು ನೋಡಿದ. ಹೆಂಡತಿಗೆ ಫೋನ್ ಮಾಡಿ, "ಹೋಳಿಗಿ ಮಾಡು. ಪೂಜಿ ಆಗ್ತೈತಿ, ಕಾಂಕ್ರೀಟ್ ಇಲ್ಲ," ಎಂದ. ಆಮೇಲೆ ಸುಹಾಸಿನಿಯ ಕಡೆ ತಿರುಗಿ, "ಮಳಿ ಬಂದ್ರ?" ಎಂದು ಕೇಳಿದ. "ಮೊದಲ ನೀರು ಏರೋದು ಬಾವಿ ಕಡೆ, ಅಲ್ಲಿಂದ ಶುರು ಮಾಡೋಣ್ರಿ," ಎಂದಳು ಆಕೆ.

ಹೊಸ ನಕ್ಷೆ ಬುಧವಾರ ಮಧ್ಯಾಹ್ನ ಕಲ್ಮೇಶನ ಕೈ ಸೇರಿತು. ಗುರುವಾರ ಬೆಳಿಗ್ಗೆ ಅವನ ಆಳುಗಳು ಕಬ್ಬಿಣ ಬಿಚ್ಚಿ, ಬಾವಿ ಕಡೆಯ ನಾಲ್ಕು ಗುಂಡಿಗಳಿಂದ ಅಗಲಿಸುವ ಕೆಲಸ ಶುರುಮಾಡುವವರಿದ್ದರು.