ಚೌಡಮ್ಮನಿಗೆ ಬಿಟ್ಟ ಹುಂಜ

1979ರಲ್ಲಿ ನಾನು ಚನ್ನಗಿರಿ ತಾಲ್ಲೂಕಿನ ನಲ್ಲೂರು ಕಡೆಯ ಹಳ್ಳಿಗಳಿಗೆ ಪಶುವೈದ್ಯನಾಗಿದ್ದೆ. ಎತ್ತು, ಎಮ್ಮೆಗಳಿಂದ ಸಾಕಷ್ಟು ಒದೆ ತಿಂದವನು. ಆದರೂ ನಾನು ಮನಸಾರೆ ದ್ವೇಷಿಸಿದ್ದು ಒಂದೇ ಪ್ರಾಣಿಯನ್ನು, ಹಾಲಮ್ಮನ ಕೆಂಪು ಹುಂಜವನ್ನು.

ಹಾಲಮ್ಮ ಮತ್ತು ಅವಳ ವಾರಗಿತ್ತಿ ಗಿರಿಜಮ್ಮ ಒಂದೇ ಅಂಗಳದ ಎರಡು ಮನೆಗಳಲ್ಲಿದ್ದರು. ಮಾತು ಬಿಟ್ಟು ವರ್ಷಗಳಾಗಿದ್ದವು. ಮಗನಿಗೆ ಟೈಫಾಯ್ಡ್ ಬಂದಾಗ ಹಾಲಮ್ಮ ಚೌಡಮ್ಮ ದೇವಿಗೆ ಹರಕೆ ಹೊತ್ತು ಆ ಹುಂಜವನ್ನು ಬಿಟ್ಟಿದ್ದಳು. ಮಗ ಗುಣವಾದ, ಹುಂಜ ಕೊಬ್ಬಿತು. ದೇವರಿಗೆ ಬಿಟ್ಟದ್ದನ್ನು ಹಬ್ಬದಲ್ಲಿ ಬಲಿ ಕೊಡುವವರೆಗೆ ಕಟ್ಟುವಂತಿಲ್ಲ, ಹೊಡೆಯುವಂತಿಲ್ಲ. ಅದು ದಿನಾ ಗಿರಿಜಮ್ಮನ ಬಾಗಿಲಿಗೇ ಹೋಗಿ ಕಾಲು ಕೆರೆದು ನಿಲ್ಲುತ್ತಿತ್ತು.

ಒಂದು ಬೆಳಿಗ್ಗೆ ಗಿರಿಜಮ್ಮ ಪುಟ್ಟ ಮಗಳನ್ನು ಎತ್ತಿಕೊಂಡು ನನ್ನಲ್ಲಿಗೆ ಬಂದಳು. ಹುಂಜ ಹಾರಿ ಒದ್ದ ಗಾಯಕ್ಕೆ ಮಗುವಿನ ಕಣ್ಣಿನ ಕೆಳಗೆ ಹೊಲಿಗೆ ಹಾಕಿದ್ದರು. ಸ್ವಲ್ಪದರಲ್ಲಿ ಕಣ್ಣು ಉಳಿಯಿತು ಎಂದು ಡಾಕ್ಟರು ಹೇಳಿದ್ದರಂತೆ.

"ಅದಕ್ಕೆ ಹುಚ್ಚು ಹಿಡದೈತೆ ಅಂತ ಬರದು ಕೊಡ್ರಿ ಸಾರ್, ಇವತ್ತೇ ಕೊಯ್ದು ಹಾಕ್ತೀನಿ."

ಹುಂಜಕ್ಕಿದ್ದದ್ದು ರೇಬೀಸ್ ಅಲ್ಲ, ಸೊಕ್ಕು. ಸುಳ್ಳು ಬರೆಯಲಾರೆ ಎಂದು ಅವಳ ಜೊತೆಗೇ ಹೊರಟೆ. ಅಂಗಳಕ್ಕೆ ಕಾಲಿಟ್ಟ ಕೂಡಲೇ ಅದು ನನ್ನ ಮೇಲೆ ಹಾರಿ ಪ್ಯಾಂಟು ಹರಿಯಿತು. ಗೋಣಿಚೀಲ ಹಾಕಿ ಅದುಮಿ ಹಿಡಿದೆ. ಆಳವಾದ ಗಾಯ ಮಾಡುವುದು ಹುಂಜದ ಕಾಲಿನ ಹಿಂದಿರುವ ಚೂಪು ಮುಳ್ಳು, ನಾವು ಸ್ಪರ್ ಎನ್ನುವುದು. ಅದರ ತುದಿ ಕತ್ತರಿಸಿದರೆ ಹುಂಜವೂ ಉಳಿಯುತ್ತದೆ, ಮಗುವಿನ ಕಣ್ಣೂ ಉಳಿಯುತ್ತದೆ.

ಹಾಲಮ್ಮ ಓಡಿ ಬಂದಳು. "ಮುಟ್ಟಬ್ಯಾಡ್ರಿ! ಊನ ಆದ ಕೋಳಿ ಅಮ್ಮಂಗೆ ಕೊಡಾಕೆ ಬರಲ್ಲ. ನನ್ನ ಮಗನ ಹರಕೆ ಐತೆ ಅದರಾಗೆ."

"ಹಾಗಾದರೆ ಗೂಡಿಗೆ ಹಾಕಮ್ಮ."

"ದೇವರದನ್ನ ಕೂಡಿ ಹಾಕಾಕೆ ನಾನ್ಯಾರು?"

ಅವಳ ಹೆದರಿಕೆ ನಾಟಕವಾಗಿರಲಿಲ್ಲ. ಆದರೆ ಎದುರು ಬಾಗಿಲಲ್ಲಿ ಹೊಲಿಗೆ ಹಾಕಿದ ಮುಖವಿತ್ತು. ಎರಡೂ ಮುಳ್ಳಿನ ತುದಿ ಕತ್ತರಿಸಿ ಅಯೋಡಿನ್ ಹಚ್ಚಿದೆ. ಹಾಲಮ್ಮ ಹಿಡಿ ಮಣ್ಣು ತೂರಿ ನನಗೆ ಶಾಪ ಹಾಕಿದಳು. ಹುಂಜದ ಪ್ರಾಣವೇ ಬೇಕಿದ್ದ ಗಿರಿಜಮ್ಮ ಬಾಗಿಲು ದಢಾರನೆ ಹಾಕಿಕೊಂಡಳು.

ಕೆಲವು ವಾರಗಳ ನಂತರ ಎಮ್ಮೆಗೆ ಜ್ವರವೆಂದು ಹಾಲಮ್ಮನೇ ಕರೆಯಲು ಬಂದಳು. ಮುಖ ತಿರುಗಿಸಿಕೊಂಡೇ ಹೇಳಿದಳು: "ಪೂಜಾರಿ ಬ್ಯಾರೆ ಕೋಳಿ ಬಿಡು ಅಂದ. ಈ ಸಲ ಹ್ಯಾಟೆ ಬಿಟ್ಟೀನಿ. ಹೆಣ್ಣು ಕೋಳಿಗೆ ಅಂಥ ಮುಳ್ಳಿಲ್ಲ, ಅದೇನ್ ಕತ್ತರಸ್ತೀರೋ ನೋಡ್ತೀನಿ."

"ಆ ಹುಂಜ?"

"ಐತೆ, ಬರ್ರಿ. ಕೊಕ್ಕು ಉಳದೈತಲ್ಲ."

ಸರಿ ಎನಿಸಿದ್ದನ್ನು ಮಾಡಿದ ಮೇಲೆ ಎರಡೂ ಕಡೆಯ ಬೈಗುಳವನ್ನು ಸಂಬಳದ ಜೊತೆಗೇ ತೆಗೆದುಕೊಳ್ಳಬೇಕೆಂದು ನನ್ನ ವೃತ್ತಿ ಕಲಿಸಿತು. ಅಂದು ಗಮ್‌ಬೂಟು ಹಾಕಿಕೊಂಡೇ ಆ ಅಂಗಳಕ್ಕೆ ಹೋದೆ. ಒಂದು ಲೋಟ ನೀರನ್ನೂ ಯಾರೂ ಕೊಡಲಿಲ್ಲ. ಗಿರಿಜಮ್ಮನ ಮಗಳು ಮಾತ್ರ ಹೊಸ್ತಿಲ ಮೇಲೆ ಕೂತು, ಎರಡೂ ಕಣ್ಣು ಅಗಲಿಸಿ ನನ್ನ ಬೂಟನ್ನೇ ನೋಡುತ್ತಿದ್ದಳು.