ಸ್ವಿಲೆನ್‌ಗ್ರಾದ್, ಸಾವಿರದ ಒಂಬೈನೂರ ಹದಿಮೂರು

ನಿಪ್ಪಾಣಿಯ ಸಿಂಧೂರ ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದಲ್ಲಿ ನಾಲ್ಕು ವರ್ಷದಿಂದ ಒಂದೇ ಊರಿನ ಹಿಂದೆ ಬಿದ್ದಿದ್ದಳು. ಬಲ್ಗೇರಿಯಾದ ಸ್ವಿಲೆನ್‌ಗ್ರಾದ್. ಮರಿತ್ಸಾ ನದಿ, ಹಳೆಯ ಕಲ್ಲಿನ ಸೇತುವೆ, ಒಂದು ಮಗ್ಗುಲಿಗೆ ಗ್ರೀಸ್, ಇನ್ನೊಂದಕ್ಕೆ ಟರ್ಕಿ. ಆಟೊಮನ್ ತುರ್ಕರ ಕಾಲದಲ್ಲಿ ಅದರ ಹೆಸರು ಮುಸ್ತಫಾ ಪಾಶಾ. 1912ರ ಯುದ್ಧದಲ್ಲಿ ಬಲ್ಗೇರಿಯಾ ಅದನ್ನು ಹಿಡಿಯಿತು. ಮರುವರ್ಷ ಬೇಸಿಗೆಯಲ್ಲಿ ಆಟೊಮನ್ನರು ಮರಳಿ ಪಡೆದರು. ಅದೇ ವರ್ಷ ಒಪ್ಪಂದವಾಗಿ ಊರು ಮತ್ತೆ ಬಲ್ಗೇರಿಯಾದ ಪಾಲಾಯಿತು.

ಇದನ್ನು ಒಂದು ಸಂಶೋಧನಾ ಯೋಜನೆಯ ಕೋಷ್ಟಕಕ್ಕೆ ತುಂಬುವುದು ಅವಳ ಕೆಲಸ. ನಾನೂರು ಗಡಿ ಊರುಗಳು, ವರ್ಷಕ್ಕೊಂದು ಸಾಲು. ದೇಶಕ್ಕೆ ಒಂದೇ ಖಾನೆ.

“1913ಕ್ಕೆ ಏನು ಬರೀಲಿ?” ಎಂದು ಯೋಜನೆಯ ಮುಖ್ಯಸ್ಥ ಹೋಕನ್‌ನನ್ನು ಫೀಕಾ ಎನ್ನುವ ಕಾಫಿ ವಿರಾಮದ ಹೊತ್ತಿನಲ್ಲಿ ಕೇಳಿದಳು.

ಅವನು ಕಾಫಿ ಲೋಟ ಕೆಳಗಿಟ್ಟ. “ಡಿಸೆಂಬರ್ ಮೂವತ್ತೊಂದಕ್ಕೆ ಯಾರದ್ದಿತ್ತೋ ಅವರದ್ದು. ಎಲ್ಲ ಊರಿಗೂ ಅದೇ ನಿಯಮ.”

“ನಡುವೆ ಕೈ ಬದಲಾಗಿದ್ದು ಎಲ್ಲಿ ಹೋಗತ್ತೆ?”

“ನಿನ್ನ ಪ್ರಬಂಧಕ್ಕೆ.”

ಅಜ್ಜನ ಶಾಲೆಯ ದಾಖಲೆ ಮರಾಠಿಯಲ್ಲಿ, ಅಪ್ಪನದು ಕನ್ನಡದಲ್ಲಿ ಇದ್ದ ಮನೆಯವಳು ಅವಳು. ಅಂಥ ನಡುವಿನ ದಿನಗಳಲ್ಲೇ ಜನ ಕಚೇರಿಯಿಂದ ಕಚೇರಿಗೆ ಅಲೆಯುತ್ತಾರೆಂದು ಅವಳಿಗೆ ಗೊತ್ತಿತ್ತು.

ಮಾಲ್ಮೋದಲ್ಲಿ ಐಟಿ ಕೆಲಸದಲ್ಲಿದ್ದ ಗಂಡ ಮಹೇಶನಿಗೆ ಮಾತ್ರ ಇದೊಂದು ಸಂಗತಿಯೇ ಆಗಿರಲಿಲ್ಲ. “ಒಂದು ಸೆಲ್ ಕಣೇ. ಬಲ್ಗೇರಿಯಾ ಅಂತ ಹಾಕಿ ಥೀಸಿಸ್ ಮುಗ್ಸು.”

“ನಿನ್ ಕೋಡ್‌ನಲ್ಲಿ ಒಂದು ಲೈನ್ ತಪ್ಪಿದ್ರೆ ಹಾಗೇ ಬಿಡ್ತೀಯಾ?”

“ಡೆಡ್‌ಲೈನ್ ಇದ್ರೆ ಬಿಡ್ತೀನಿ.”



ಅಕ್ಟೋಬರಿನಲ್ಲಿ ಸ್ವಿಲೆನ್‌ಗ್ರಾದ್‌ನ ವಸ್ತುಸಂಗ್ರಹಾಲಯದಿಂದ ಪತ್ರ ಬಂತು. 1913ರ ಪುರಸಭೆಯ ದಾಖಲೆ ಪುಸ್ತಕವಿದೆ, ಬಂದು ನೋಡಬಹುದು. ಅವಳ ವಾಸದ ಪರವಾನಗಿ ಆಗಲೇ ಮುಗಿದಿತ್ತು. ನವೀಕರಣದ ಅರ್ಜಿ ಎಲ್ಲೋ ಕೂತಿತ್ತು. ಉತ್ತರ ಬರುವ ಮೊದಲು ಸ್ವೀಡನ್ ಬಿಟ್ಟರೆ ಮರಳಿ ಬರುವುದಕ್ಕೆ ಖಾತರಿಯಿಲ್ಲ. ಗಡಿಯ ಬಗ್ಗೆ ಅಧ್ಯಾಯಗಟ್ಟಲೆ ಬರೆದವಳು ಗಡಿ ದಾಟಲಾಗದೆ ಕೂತಳು. ಪ್ರತಿ ಸೋಮವಾರ ವಲಸೆ ಕಚೇರಿಗೆ ಫೋನ್ ಮಾಡಿದಳು. ನಲವತ್ತು ನಿಮಿಷದ ಸಂಗೀತದ ನಂತರ ಪ್ರತಿ ಸಲವೂ ಒಂದೇ ಉತ್ತರ: ಇನ್ನೂ ನಿರ್ಧಾರವಾಗಿಲ್ಲ. ಪುಟಗಳ ಫೋಟೊ ಕಳಿಸಿ ಎಂದು ಸಂಗ್ರಹಾಲಯಕ್ಕೆ ಬರೆದಳು. ಬಂದವು, ಮಸುಕಾಗಿ.

ಮಾರ್ಚಿನಲ್ಲಿ ಕೋಷ್ಟಕ ಪ್ರಕಟವಾಯಿತು. 1913ರ ಸಾಲಿನಲ್ಲಿ ‘ಬಲ್ಗೇರಿಯಾ’ ಎಂದಿತ್ತು. ಪರವಾನಗಿ ಮೇ ತಿಂಗಳಲ್ಲಿ ಬಂತು.

ಅವಳು ಹೋದಳು. ಎರಡು ದಿನ ಪುಸ್ತಕ ಓದಿದಳು. ತಾನು ನಂಬಿದ್ದ ಹಸ್ತಾಂತರದ ದಿನಾಂಕ ಆರು ದಿನ ತಪ್ಪಿತ್ತು. ಕೋಷ್ಟಕಕ್ಕೆ ಅಡಿಟಿಪ್ಪಣಿಯಾಗಿ ಸೇರಿಸಲು ತಿದ್ದುಪಡಿ ಕಳಿಸಿದಾಗ ಹೋಕನ್ ಬರೆದ: “ಮುಂದಿನ ಆವೃತ್ತಿಯಲ್ಲಿ ನೋಡೋಣ.” ಆ ಆವೃತ್ತಿ ಯಾವಾಗ ಎಂದು ಬರೆಯಲಿಲ್ಲ. ಕೊನೆಗೆ ಅವಳೇ ಆ ಊರಿಗೂ ಅದರ ಜಿಲ್ಲೆಯ ಹಳ್ಳಿಗಳಿಗೂ ವರ್ಷದ ಬದಲು ದಿನದ ಲೆಕ್ಕದಲ್ಲಿ ಬೇರೊಂದು ಪಟ್ಟಿ ಮಾಡಿ, ತನ್ನ ಹೆಸರಿನಲ್ಲಿ ವಿಶ್ವವಿದ್ಯಾಲಯದ ಜಾಲತಾಣಕ್ಕೆ ಹಾಕಿದಳು. ತಿಂಗಳಲ್ಲಿ ಅದು ಒಂಬತ್ತು ಸಲ ಡೌನ್‌ಲೋಡ್ ಆಯಿತು. ಅದರಲ್ಲಿ ಆರು ಸಲ ಇಳಿಸಿಕೊಂಡದ್ದು ತಾನೇ ಎಂದು ಮಹೇಶ ಒಪ್ಪಿಕೊಂಡ.

ಆಗಸ್ಟಿನಲ್ಲಿ ಆ ಊರಿನ ನಿವೃತ್ತ ಮೇಷ್ಟ್ರೊಬ್ಬರ ಮೇಲ್ ಬಂತು. ನಿಮ್ಮ ಪಟ್ಟಿಯ ಒಂದು ಹಳ್ಳಿ ಆ ಜಿಲ್ಲೆಗೆ ಯಾವತ್ತೂ ಸೇರಿರಲಿಲ್ಲ ಎಂದು. ಬೆಳಗಿಡೀ ಅವಳಿಗೆ ಸಿಟ್ಟು. ಮಧ್ಯಾಹ್ನ ಹುಡುಕಿ ನೋಡಿದಳು. ಮೇಷ್ಟ್ರು ಹೇಳಿದ್ದೇ ಸರಿ. ಪಟ್ಟಿ ತೆರೆದು ಆ ಸಾಲು ಅಳಿಸಿದಳು. ಹಾಗಾದರೆ ಅದು ಯಾವ ಜಿಲ್ಲೆಗೆ ಸೇರಿತ್ತು ಎಂದು ಕೇಳಿ ಅವರಿಗೆ ಬರೆದಳು.