ಕೋಳಿಮರಿಗಳಿಗೆ ಬಿದ್ದ ಕಣ್ಣು

ಕೋಳಿ ಫೀಡಿನ ಮೂಟೆ ಬಿಚ್ಚಿದರೆ ಮೊದಲು ಬರುವುದು ಒಣಮೀನಿನ ವಾಸನೆ, ಅದರ ಹಿಂದೆಯೇ ಮುಸುಕಿನ ಜೋಳದ್ದು. ಕಳೆದ ವಾರ ಶ್ರೀನಿವಾಸಪುರದ ಅಂಗಡಿಯೊಂದರಲ್ಲಿ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಪಕ್ಕದ ಮನೆಯ ಅತ್ತೆ ನೆನಪಾದರು.

ರಕ್ತಸಂಬಂಧವೇನೂ ಇರಲಿಲ್ಲ, ಚಿಕ್ಕಂದಿನಿಂದ ಅತ್ತೆ ಎಂದೇ ಕರೆದು ಅಭ್ಯಾಸ. ಅವರಿಗೆ ಮಕ್ಕಳಿರಲಿಲ್ಲ, ಗಂಡ ತೀರಿಹೋಗಿದ್ದರು. ಸಂಜೆಯಾದರೆ ನಮ್ಮ ಹಿತ್ತಲ ಬೇಲಿಯ ಹತ್ತಿರ ಬಂದು, ಸೆರಗಿನಲ್ಲಿ ತಂದ ಹಿಡಿ ರಾಗಿಯನ್ನು ಕೋಳಿಮರಿಗಳಿಗೆ ಎರಚಿ ನೋಡುತ್ತಾ ನಿಂತುಬಿಡುತ್ತಿದ್ದರು. ಖುಷಿಯಾದರೆ ಅವರ ಬಾಯಲ್ಲಿ ತೆಲುಗೇ ಬರುತ್ತಿದ್ದದ್ದು. “ಎಂತ ಮುದ್ದುಗುನ್ನಾಯೇ!” ಎನ್ನುತ್ತಿದ್ದರು, ಎಷ್ಟು ಮುದ್ದಾಗಿವೆ ಎಂದು...

ಅಮ್ಮನ ಹಿಂಡಿನಲ್ಲಿ ಎಲ್ಲವೂ ಇದ್ದವು. ಮೊಟ್ಟೆ ಇಡುವ ಹೇಂಟೆಗಳು, ಹುಂಜಗಳು, ಬಾತುಕೋಳಿಗಳು, ಅವುಗಳ ಕಾಲಡಿಯಲ್ಲಿ ಓಡಾಡುವ ಮರಿಗಳು. ಒಂದು ವರ್ಷ ಅಮ್ಮ ಹೇಂಟೆಗಳಿಗೆಂದು ಲೇಯರ್ ಫೀಡು ತರಿಸಿದಳು. ಮೊಟ್ಟೆಯ ಚಿಪ್ಪು ಗಟ್ಟಿಯಾಯಿತು. ಇಷ್ಟು ಒಳ್ಳೆಯದನ್ನು ಮರಿಗಳಿಗೆ ಯಾಕೆ ತಪ್ಪಿಸಬೇಕು ಎಂದು ಎಲ್ಲಕ್ಕೂ ಒಂದೇ ತಟ್ಟೆ ಇಟ್ಟಳು. ಆಗಿನ ಅಂಗಡಿಯವನೂ ಹೂಂ ಎಂದು ತಲೆಯಾಡಿಸಿದ್ದ. ಅವನ ಗಂಟೇನು ಹೋಗುತ್ತಿತ್ತು!

ಕೆಲವೇ ವಾರಗಳಲ್ಲಿ ಮರಿಗಳು ರೆಕ್ಕೆ ಜೋತುಬಿಟ್ಟು ತೂಕಡಿಸತೊಡಗಿದವು. ಸುಣ್ಣದ ನೀರಿನಂಥ ಹಿಕ್ಕೆ. ಬೆಳಗ್ಗೆ ಗೂಡು ತೆಗೆದರೆ ಒಂದೋ ಎರಡೋ ಸೆಟೆದು ಬಿದ್ದಿರುತ್ತಿದ್ದವು. ಕೊನೆಯ ಮರಿಯೂ ಸತ್ತ ಸಂಜೆ, ಅತ್ತೆ ಎಂದಿನಂತೆ ರಾಗಿ ಹಿಡಿದು ಬೇಲಿಗೆ ಬಂದರು. ಅಮ್ಮ ಅದಕ್ಕೇ ಕಾಯುತ್ತಿದ್ದಳು.

“ಇನ್ನೇನ್ ನೋಡೋಕ್ ಬಂದೆ? ಮಕ್ಕಳಿಲ್ದೋಳ ಕಣ್ಣು ಬಿದ್ದೇ ನನ್ನ ಮರಿಗಳು ಹೋದ್ವು.”

ಅತ್ತೆ ರಾಗಿಯನ್ನು ಮತ್ತೆ ಸೆರಗಿಗೆ ಗಂಟು ಹಾಕಿಕೊಂಡು ಹೊರಟುಹೋದರು.

ಆ ಮಾತು ಬೀದಿಯೆಲ್ಲ ಹಬ್ಬಿತು. ಬಾಣಂತಿ ಇದ್ದ ಮನೆಯವರು ಅವರನ್ನು ಕಂಡರೆ ಬಾಗಿಲು ಮುಂದಕ್ಕೆಳೆದುಕೊಂಡರು. ನಾಮಕರಣಕ್ಕೆ ಕರೆಯುವುದು ನಿಂತಿತು. ಮಾವು ಹೂ ಬಿಡುವ ಹೊತ್ತಿಗೆ ಅವರು ಮನೆಗೆ ಬೀಗ ಹಾಕಿ ಮುಳಬಾಗಿಲಿನ ತಮ್ಮನ ಮನೆ ಸೇರಿದರು. ಅಲ್ಲೇ ತೀರಿಕೊಂಡರಂತೆ... ನಮಗೆ ಯಾರೂ ಹೇಳಿಕಳಿಸಲಿಲ್ಲ. ಯಾವ ಮುಖಕ್ಕೆ ಹೇಳಿಕಳಿಸಬೇಕು?

ಈಗ ಕೋಳಿ ಸಾಕುತ್ತಿರುವವಳು ನಾನು. ಕಳೆದ ವಾರ ಲೇಯರ್ ಫೀಡು ಕೇಳಿದಾಗ ಅಂಗಡಿಯಾಕೆ ತಡೆದಳು.

“ಮನೇಲಿ ಮರಿಗಳಿದಾವಾ ಅಕ್ಕ? ಹಂಗಾದ್ರೆ ಇದು ಬೇಡ. ಮೊಟ್ಟೆಗೆ ಅಂತ ಸುಣ್ಣದಂಶ ಜಾಸ್ತಿ ಇರುತ್ತೆ, ಮರಿಗಳ ಕಿಡ್ನಿ ಹೋಗ್ಬಿಡುತ್ತೆ. ಎಲ್ಲಕ್ಕೂ ಬೆಳೆಯೋ ಮರಿಗಳ ಗ್ರೋವರ್ ಫೀಡೇ ಹಾಕಿ. ಹೇಂಟೆಗೆ ಕಪ್ಪೆಚಿಪ್ಪಿನ ಪುಡಿ ಬೇರೆ ಬಟ್ಟಲಲ್ಲಿಡಿ, ಬೇಕಾದಷ್ಟು ತಿನ್ಕೊಳ್ತವೆ.”

ಇಷ್ಟೇನಾ! ಬೇರೆ ಒಂದು ಬಟ್ಟಲು ಇಟ್ಟಿದ್ದರೆ ಸಾಕಿತ್ತಾ! ಮನೆಗೆ ಬಂದವಳೇ ಅಮ್ಮನಿಗೆ ಹೇಳಿದೆ, ಮರಿಗಳು ಸತ್ತದ್ದು ನಿನ್ನ ಫೀಡಿನಿಂದ, ಅತ್ತೆಯ ಕಣ್ಣಿನಿಂದಲ್ಲ ಎಂದು. ಅವರೆಕಾಯಿ ಸುಲಿಯುತ್ತಿದ್ದ ಅಮ್ಮ ತಲೆ ಎತ್ತಲಿಲ್ಲ.

“ಹೋಗ್ಲಿ ಬಿಡೇ. ಅವಳೇ ಇಲ್ವಲ್ಲ ಈಗ.”

ಈಗ ನಮ್ಮ ಹಿತ್ತಲಲ್ಲಿ ಚಿಪ್ಪಿನ ಪುಡಿಗೆ ಬೇರೆ ಬಟ್ಟಲಿದೆ. ಮರಿಗಳು ಚೆನ್ನಾಗಿವೆ. ನಿನ್ನೆ ನೋಡಿದರೆ ಅಮ್ಮ ದೃಷ್ಟಿಯಾಗದಿರಲೆಂದು ಗೂಡಿನ ಬಾಗಿಲಿಗೆ ಹಳೇ ಚಪ್ಪಲಿ ಕಟ್ಟಿದ್ದಾಳೆ, ಅದೂ ಬೀಗ ಬಿದ್ದ ಆ ಮನೆಯ ಕಡೆಗೆ. ಕಿತ್ತು ತಿಪ್ಪೆಗೆ ಎಸೆದೆ. ಮುದ್ದಾಗಿವೆ ಎನ್ನಲು ಬೇಲಿಯ ಆಚೆ ಯಾರೂ ಉಳಿದಿಲ್ಲ, ಇನ್ನು ದೃಷ್ಟಿ ಎಲ್ಲಿಂದ ಬರಬೇಕು...